ಚಿಕ್ಕಪ್ಪ ಕಳಿಸಿದ ಪ್ರಶ್ನೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಸಂಪಾದಕ ಮಂಡಳಿಯವರ ಕೋರಿಕೆಯ ಮೇರೆಗೆ ಬರೆದುಕೊಟ್ಟಿದ್ದು.)



ನನಗೆ ಕೊಟ್ಟಿರುವುದು ಅರ್ಧ ಗಂಟೆ. ಆಮೇಲೆ ಊಟ. ಗೋಧಿ ಹುಗ್ಗಿಯ ವಾಸನೆ ಆಗಲೇ ಇಲ್ಲಿಯವರೆಗೂ ಬಂದಿದೆ, ಹಾಗಾಗಿ ನಾನು ಹೆಚ್ಚು ಎಳೆಯುವುದಿಲ್ಲ.

ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸರ್, ನೀವು ಚೀನಾಕ್ಕೆಲ್ಲ ಹೋಗಿ ಬಂದವರು, ಮಕ್ಕಳಿಗೆ ಸ್ಫೂರ್ತಿ ಬರುವಂಥದ್ದು ಏನಾದರೂ ಹೇಳಿ" ಅಂದರು. ನಾನು ಅಲ್ಲಿ ಮಾಡಿದ್ದು ಅದಿರಿನ ಸ್ಯಾಂಪಲ್ ಕಾಯುವ ಕೆಲಸ. ಅದರಲ್ಲಿ ಸ್ಫೂರ್ತಿಗಿಂತ ಧೂಳೇ ಜಾಸ್ತಿ. ಆದರೆ ಅಲ್ಲಿಗೆ ಹೋಗುವಾಗ ಒಂದು ಪ್ರಶ್ನೆ ತೆಗೆದುಕೊಂಡು ಹೋಗಿದ್ದೆ. ಆ ಪ್ರಶ್ನೆ ನನ್ನದಲ್ಲ, ನಮ್ಮ ಚಿಕ್ಕಪ್ಪನದು. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಈ ಶಾಲೆಯ ಎರಡನೆಯ ತಂಡದವನು. ಆಗ ಕಟ್ಟಡ ಇರಲಿಲ್ಲ, ಹನುಮಂತ ದೇವರ ಗುಡಿಯ ಪಡಸಾಲೆಯೇ ಒಂಬತ್ತನೆಯ ತರಗತಿ. ಸಮಾಜ ಪಾಠದ ಮೇಷ್ಟ್ರು ಏಷ್ಯಾದ ಭೂಪಟವನ್ನು ಗುಡಿಯ ಕಂಬಕ್ಕೆ ನೇತುಹಾಕುತ್ತಿದ್ದರು. ಚೀನಾದ ಬಗ್ಗೆ ನಾವು ಬಾಯಿಪಾಠ ಮಾಡಿದ್ದು ಎರಡೇ ಸಾಲು. 1954ರಲ್ಲಿ ಪಂಚಶೀಲ, 1962ರಲ್ಲಿ ಯುದ್ಧ. ಎರಡು ಅಂಕದ ಪ್ರಶ್ನೆ ಅದು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಎಂಟು ವರ್ಷದಲ್ಲಿ ಏನಾಯಿತು ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಆ ಎರಡನೆಯ ಸಾಲು ಬಾಯಿಪಾಠದ ವಿಷಯ ಆಗಿರಲಿಲ್ಲ. ಚಿಕ್ಕಪ್ಪ ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ. 1962ರ ನವೆಂಬರಿನಲ್ಲಿ ಆಗಿನ ನೇಫಾ, ಈಗಿನ ಅರುಣಾಚಲದ ಬೊಮ್ಡಿಲಾ ಕಡೆ ಇದ್ದ. ಬೊಮ್ಡಿಲಾ ಬಿದ್ದ ಮೇಲೆ ಲಾರಿ ಬಿಟ್ಟು, ಕಾಡು ಗುಡ್ಡ ಇಳಿದು, ಎಷ್ಟೋ ದಿನ ನಡೆದು ಅಸ್ಸಾಮಿನ ಬಯಲಿಗೆ ಬಂದ. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋದವು. ಊರಿಗೆ ಬಂದ ಮೇಲೆ ಒಕ್ಕಲುತನ ಮಾಡಿಕೊಂಡಿದ್ದ. ಕೇಳಿದರೆ ಯುದ್ಧದ ಕಥೆ ಹೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಆ ಕಾಲನ್ನು ಒಲೆಯ ಹತ್ತಿರ ಚಾಚಿಕೊಂಡು ಕೂರುತ್ತಿದ್ದ, ಅಷ್ಟೇ.

ಇಲ್ಲಿರುವ ಹಿರಿಯರಿಗೆ 2003ರ ನಂತರದ ವರ್ಷಗಳು ನೆನಪಿವೆ. ಹೊಸಪೇಟೆ, ಸಂಡೂರು ರಸ್ತೆಯ ಮರದ ಎಲೆಗಳೂ ಕೆಂಪಾಗಿದ್ದ ಕಾಲ. ಹೊಲ ಬಿಟ್ಟು ಲಾರಿ ಕೊಂಡವರು ಎಷ್ಟು ಜನ! ಆ ಮಣ್ಣೆಲ್ಲ ರೈಲಿನಲ್ಲಿ, ಲಾರಿಯಲ್ಲಿ ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. ಹೋಗುತ್ತಿದ್ದುದು ಬಹುಪಾಲು ಚೀನಾಕ್ಕೆ. ನಾನು ಆಗ ಒಂದು ರಫ್ತು ಕಂಪನಿಯಲ್ಲಿ ಕೆಮಿಸ್ಟ್. ಅದಿರಿನ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಹಡಗು ತುಂಬುವಾಗ ಇಲ್ಲಿನ ಪರೀಕ್ಷೆಯ ಮೇಲೆ ಬಹುಪಾಲು ದುಡ್ಡು ಬರುತ್ತದೆ, ಕೊನೆಯ ಲೆಕ್ಕ ಮಾತ್ರ ಆ ಕಡೆ ಇಳಿಸಿದ ಮೇಲೆ ಅಲ್ಲಿನ ಸರ್ಕಾರಿ ಪರೀಕ್ಷೆಯ ಮೇಲೆ. ಕಬ್ಬಿಣ ಶೇಕಡಾ ಒಂದು ಕಡಿಮೆ ಬಂದರೆ, ತೇವ ಒಂದು ಜಾಸ್ತಿ ಬಂದರೆ, ಲಕ್ಷಗಟ್ಟಲೆ ಕೈಬಿಡುತ್ತದೆ. ಅದಕ್ಕೇ ನಮ್ಮ ಕಡೆಯ ಒಬ್ಬ ಮನುಷ್ಯ ಅಲ್ಲಿ ನಿಂತು, ಸ್ಯಾಂಪಲ್ ಸರಿಯಾಗಿ ತೆಗೆಯುತ್ತಾರೋ ಇಲ್ಲವೋ ನೋಡಬೇಕು. ಆ ಮನುಷ್ಯ ನಾನು. 2005ರಲ್ಲಿ ಮೊದಲ ಸಲ ಹೊರಟಾಗ ಚಿಕ್ಕಪ್ಪನ ಕಾಲಿಗೆ ನಮಸ್ಕಾರ ಮಾಡಲು ಹೋದೆ. ಆ ಕಾಲಿಗೇ. ಅವನು ಹೇಳಿದ್ದು ಒಂದೇ ಮಾತು:

"ಹೊಂಟಿಯಲ್ಲಪ, ಅವ್ರನ್ನ ಒಂದು ಮಾತು ಕೇಳ್ಕಂಡು ಬಾ. ನಾವು ಅವರಿಗೆ ಏನು ಮಾಡಿದ್ವಿ ಅಂತ ಹೊಡೆದ್ರು?"

ನಾನು ಇಳಿದ ಊರು ಚಿಂಗ್‌ದಾವೊ. ಚೀನಾದ ಪೂರ್ವ ಕರಾವಳಿ, ಶಾಂಡೊಂಗ್ ಪ್ರಾಂತ. ಕನ್ಫ್ಯೂಷಿಯಸ್ ಹುಟ್ಟಿದ ಪ್ರಾಂತ ಅದು. ಚೀನಾ ಅಂದರೆ ಡೊಂಕು ಮಾಡಿನ ಗುಡಿಗಳು ಅಂತ ಕ್ಯಾಲೆಂಡರಿನಲ್ಲಿ ನೋಡಿದ್ದ ನನಗೆ ಹಳೆಯ ಪೇಟೆ ಕಂಡು ಗಲಿಬಿಲಿ ಆಯಿತು. ಕೆಂಪು ಹೆಂಚಿನ ಯುರೋಪಿನ ಮನೆಗಳು, ಗಡಿಯಾರ ಗೋಪುರದ ಚರ್ಚು, ಗುಡ್ಡದ ಮೇಲೆ ಕೋಟೆಯಂಥ ಬಂಗಲೆ. ಊರಿನ ಹೆಸರಿನ ಬಿಯರ್ ಕಾರ್ಖಾನೆ 1903ರದ್ದು, ಅದೂ ಜರ್ಮನರು, ಬ್ರಿಟಿಷರು ಸೇರಿ ಹಾಕಿದ್ದು.

ನಮಗೆ ದುಭಾಷಿಯಾಗಿ ಕೊಟ್ಟಿದ್ದು ಇಪ್ಪತ್ತೇಳು ವರ್ಷದ ಹುಡುಗ, ಇಂಗ್ಲಿಷ್ ಓದಿದವನು. ಅಲ್ಲಿ ಕಿರಿಯರ ಹೆಸರಿನ ಮುಂದೆ ‘ಷಿಯಾವೋ’ ಅಂತ ಸೇರಿಸಿ ಕರೆಯುತ್ತಾರೆ, ‘ಚಿಕ್ಕವನು’ ಅಂತ ಅರ್ಥ. ನಮ್ಮ ‘ತಮ್ಮಾ’ ಇದ್ದಂತೆ. ಅವನ ಹೆಸರು ಬೇಡ, ನಾನೂ ತಮ್ಮ ಅಂತಲೇ ಹೇಳುತ್ತೇನೆ. ಧಕ್ಕೆ ಇದ್ದದ್ದು ಕೊಲ್ಲಿಯ ಆಚೆ ದಡದಲ್ಲಿ. ಆಗ ಸೇತುವೆ ಇರಲಿಲ್ಲ, ದಿನಾ ಬೆಳಿಗ್ಗೆ ದೋಣಿಯಲ್ಲಿ ದಾಟಬೇಕಿತ್ತು. ಆ ದೋಣಿಯಲ್ಲೇ ನನ್ನ ಸಮಾಜ ಪಾಠ ಮುಂದುವರಿಯಿತು.

ಒಂದು ಭಾನುವಾರ ಸಮುದ್ರದ ದಡದ ದೊಡ್ಡ ಚೌಕಕ್ಕೆ ಕರೆದುಕೊಂಡು ಹೋದ. ನಡುವೆ ಮೂವತ್ತು ಮೀಟರ್ ಎತ್ತರದ ಕೆಂಪು ಕಬ್ಬಿಣದ ಶಿಲ್ಪ, ಸುಂಟರಗಾಳಿ ಸುತ್ತಿದ ಹಾಗೆ. ಹೆಸರು ‘ಮೇ ತಿಂಗಳ ಗಾಳಿ’. ಚೌಕದ ಹೆಸರು ‘ಮೇ ನಾಲ್ಕು’. "ಮೇ ನಾಲ್ಕರಂದು ಏನು?" ಅಂತ ಕೇಳಿದೆ. ಆ ಹುಡುಗ ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನಮ್ಮ ಊರಿಗೆ ಬಂದವರು ಆಗಸ್ಟ್ ಹದಿನೈದು ಅಂದರೆ ಏನು ಅಂತ ಕೇಳಿದರೆ ನಾವು ನೋಡುವ ರೀತಿ. ಆಮೇಲೆ ಕಲ್ಲಿನ ಕಟ್ಟೆಯ ಮೇಲೆ ಕೂತು ಹೇಳಿದ. ನಾನು ನಂತರ ಓದಿಕೊಂಡದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

1897ರ ನವೆಂಬರಿನಲ್ಲಿ ಶಾಂಡೊಂಗಿನಲ್ಲಿ ಇಬ್ಬರು ಜರ್ಮನ್ ಪಾದ್ರಿಗಳ ಕೊಲೆಯಾಯಿತು. ಎರಡು ವಾರದಲ್ಲಿ ಜರ್ಮನಿಯ ಯುದ್ಧನೌಕೆಗಳು ಈ ಕೊಲ್ಲಿಗೆ ಬಂದು ನಿಂತವು. ಮುಂದಿನ ಮಾರ್ಚಿಗೆ ಚೀನಾದ ಸರ್ಕಾರದ ಕೈಯಲ್ಲಿ ಸಹಿ ಹಾಕಿಸಿಕೊಂಡರು, ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ಜರ್ಮನಿಗೆ ಕೊಟ್ಟ ಮೇಲೆ ರಷ್ಯಾ ಸುಮ್ಮನಿರುತ್ತದೆಯೇ? ಅದೂ ಒಂದು ಬಂದರು ತೆಗೆದುಕೊಂಡಿತು. ರಷ್ಯಾಕ್ಕೆ ಸಿಕ್ಕಿದ ಮೇಲೆ ಬ್ರಿಟನ್ ಒಂದು, ಫ್ರಾನ್ಸ್ ಒಂದು. ಇವರಿಗೆ ಚೀನಾದ ಮೇಲೆ ಇದ್ದ ಆಸೆಗಿಂತ ಒಬ್ಬರ ಮೇಲೊಬ್ಬರಿಗಿದ್ದ ಹೊಟ್ಟೆಕಿಚ್ಚೇ ದೊಡ್ಡದು. ದೊಡ್ಡ ರಾಷ್ಟ್ರಗಳ ಪೈಪೋಟಿ ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಚೀನಾದವರಿಗೆ ಎಲ್ಲೋ ದೂರದಲ್ಲಿ ನಡೆಯುವ ಕುಸ್ತಿ ಅಲ್ಲ. ಕುಸ್ತಿ ನಡೆದ ಮಣ್ಣು ಅವರದೇ.

1914ರಲ್ಲಿ ಮೊದಲ ಮಹಾಯುದ್ಧ. ಬ್ರಿಟನ್ನಿನ ಮಿತ್ರ ಜಪಾನ್ ಚಿಂಗ್‌ದಾವೊಗೆ ಮುತ್ತಿಗೆ ಹಾಕಿ ಜರ್ಮನರಿಂದ ಕಿತ್ತುಕೊಂಡಿತು. ಬ್ರಿಟಿಷರು ಒಂದು ಸಣ್ಣ ಪಡೆ ಕಳಿಸಿದ್ದರು. ಅದರಲ್ಲಿ ನಮ್ಮ 36ನೆಯ ಸಿಖ್ ಪಡೆಯ ಸೈನಿಕರಿದ್ದರು. ಯಾರದೋ ಊರು, ಯಾರದೋ ಯುದ್ಧ, ಸಾಯಲು ಹೋದವರಲ್ಲಿ ನಮ್ಮವರು.

ಚೀನಾ 1917ರಲ್ಲಿ ಬ್ರಿಟನ್, ಫ್ರಾನ್ಸ್ ಕಡೆ ಸೇರಿತು. ಬಂದೂಕು ಹಿಡಿದ ಸೈನ್ಯ ಹೋಗಲಿಲ್ಲ, ಕೂಲಿಗಳು ಹೋದರು, ಸುಮಾರು 1,40,000 ಜನ. ಬಹಳಷ್ಟು ಮಂದಿ ಇದೇ ಶಾಂಡೊಂಗಿನ ರೈತ ಮಕ್ಕಳು. ಫ್ರಾನ್ಸಿನಲ್ಲಿ ಕಂದಕ ತೋಡಿದರು, ರೈಲು ಹಳಿ ಹಾಕಿದರು, ಹೆಣ ಹೂಳಿದರು. ಅವರಲ್ಲಿ ಎಂಟುನೂರಕ್ಕೂ ಹೆಚ್ಚು ಜನರ ಸಮಾಧಿಗಳು ಫ್ರಾನ್ಸಿನ ನ್ವಾಯೆಲ್ ಎಂಬ ಊರಿನ ಹತ್ತಿರ ಒಂದೇ ಕಡೆ ಇವೆ. ಅವರ ಲೆಕ್ಕ ಸರಳವಾಗಿತ್ತು. ನಾವು ಗೆಲ್ಲುವ ಕಡೆ ಇದ್ದೇವೆ, ದುಡಿದಿದ್ದೇವೆ, ಗೆದ್ದ ಮೇಲೆ ನಮ್ಮ ಊರು ನಮಗೆ ಸಿಗುತ್ತದೆ. ಅದರ ಮೇಲೆ ಅಮೆರಿಕದ ಅಧ್ಯಕ್ಷ ವಿಲ್ಸನ್, ಸಣ್ಣ ರಾಷ್ಟ್ರಕ್ಕೂ ದೊಡ್ಡ ರಾಷ್ಟ್ರಕ್ಕೂ ಒಂದೇ ನ್ಯಾಯ ಅಂತ ಜಗತ್ತಿಗೆಲ್ಲ ಸಾರಿದ್ದ. ಬೀಜಿಂಗಿನ ಪ್ರಾಧ್ಯಾಪಕ ಚೆನ್ ದುಷಿಯು, ವಿಲ್ಸನ್ ಜಗತ್ತಿನ ಮೊದಲನೆಯ ಒಳ್ಳೆಯ ಮನುಷ್ಯ ಅಂತ ಪತ್ರಿಕೆಯಲ್ಲಿ ಬರೆದ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1919ರ ಜನವರಿಯಲ್ಲಿ ಪ್ಯಾರಿಸ್ಸಿನ ಶಾಂತಿ ಸಭೆ. ಚೀನಾದ ಪರವಾಗಿ ಮಾತಾಡಿದ್ದು ವೆಲ್ಲಿಂಗ್ಟನ್ ಕೂ ಎಂಬ ಯುವಕ, ಅಮೆರಿಕದಲ್ಲೇ ಓದಿದವನು. ಕ್ರೈಸ್ತರಿಗೆ ಜೆರುಸಲೇಮ್ ಹೇಗೋ ಕನ್ಫ್ಯೂಷಿಯಸ್ ಹುಟ್ಟಿದ ಶಾಂಡೊಂಗ್ ನಮಗೆ ಹಾಗೆ, ಬಿಟ್ಟುಕೊಡಲು ಬರುವುದಿಲ್ಲ ಎಂಬ ಅರ್ಥದ ವಾದ ಅವನದು. ಸಭೆಯಲ್ಲಿದ್ದವರು ಮೆಚ್ಚಿಕೊಂಡರು. ಮೆಚ್ಚಿ ಏನು ಪ್ರಯೋಜನ? ಬ್ರಿಟನ್, ಫ್ರಾನ್ಸ್, ಇಟಲಿ ಎರಡು ವರ್ಷ ಮೊದಲೇ ಜಪಾನಿಗೆ ಗುಟ್ಟಾಗಿ ಮಾತು ಕೊಟ್ಟಿದ್ದವು. ಇನ್ನೂ ನೋವಿನ ಸಂಗತಿ ಅಂದರೆ, ಬೀಜಿಂಗಿನ ಸರ್ಕಾರವೇ 1918ರಲ್ಲಿ ಜಪಾನಿನಿಂದ ಸಾಲ ಪಡೆಯುವ ಹೊತ್ತಿನಲ್ಲಿ ಒಪ್ಪಿಗೆಯ ಪತ್ರ ಬರೆದುಕೊಟ್ಟಿತ್ತು. ವಿಲ್ಸನ್ ಕೂಡ ಕೊನೆಗೆ ಬಾಗಿದ. ಶಾಂಡೊಂಗಿನ ಜರ್ಮನ್ ಹಕ್ಕುಗಳೆಲ್ಲ ಜಪಾನಿಗೆ ಹೋದವು.

ಸುದ್ದಿ ಬೀಜಿಂಗಿಗೆ ಮುಟ್ಟಿತು. ಮೇ ನಾಲ್ಕು, ಭಾನುವಾರ. ಸುಮಾರು ಮೂರು ಸಾವಿರ ವಿದ್ಯಾರ್ಥಿಗಳು ತಿಯಾನನ್ಮೆನ್ ಮುಂದೆ ಸೇರಿದರು. ಜಪಾನಿನ ಪರ ಇದ್ದ ಒಬ್ಬ ಮಂತ್ರಿಯ ಮನೆಗೆ ಬೆಂಕಿ ಹಾಕಿದರು. ಅಂಗಡಿ ಮುಂಗಟ್ಟು ಮುಚ್ಚಿದವು, ಶಾಂಘೈಯ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಚೀನಾದ ನಿಯೋಗ ಸಹಿ ಹಾಕಲಿಲ್ಲ. ಕಡೆಗೆ 1922ರಲ್ಲಿ ಬೇರೆ ಮಾತುಕತೆಯಿಂದ ಚಿಂಗ್‌ದಾವೊ ವಾಪಸ್ಸು ಬಂತು. ಆದರೆ ಅಷ್ಟರಲ್ಲಿ ಮನಸ್ಸು ಮುರಿದಿತ್ತು. ವಿಲ್ಸನ್ನನ್ನು ಹೊಗಳಿ ಬರೆದ ಚೆನ್ ದುಷಿಯು ಇದ್ದನಲ್ಲ, ಅವನೇ 1921ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಮೊದಲಿಗ.

ಇಷ್ಟು ಹೇಳಿ ತಮ್ಮ ಸುಮ್ಮನಾದ. ಆಮೇಲೆ ಅವರ ಶಾಲೆಯಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಒಂದು ಮಾತು ಹೇಳಿದ. ಕನ್ನಡದಲ್ಲಿ ಹೇಳುವುದಾದರೆ, ‘ಹಿಂದೆ ಬಿದ್ದವನಿಗೆ ಏಟು ತಪ್ಪಿದ್ದಲ್ಲ’. ಅವರ ದೃಷ್ಟಿ ಅರ್ಥವಾಗಬೇಕಾದರೆ ಈ ಮಾತು ಸಾಕು. ಪಶ್ಚಿಮದವರು ನಿಯಮ, ನ್ಯಾಯ, ಮಾನವ ಹಕ್ಕು ಅಂತ ಹೇಳಿದಾಗ ಅವರಿಗೆ ಪ್ಯಾರಿಸ್ ನೆನಪಾಗುತ್ತದೆ. ನ್ಯಾಯ ಸುಳ್ಳು ಅಂತ ಅವರು ಹೇಳುವುದಿಲ್ಲ. ಶಕ್ತಿ ಇಲ್ಲದವನ ನ್ಯಾಯವನ್ನು ಕೇಳುವವರಿಲ್ಲ ಅಂತ ಹೇಳುತ್ತಾರೆ.

ಇದು ಒಂದೇ ಘಟನೆಯಾಗಿದ್ದರೆ ಮರೆಯುತ್ತಿದ್ದರೇನೋ. 1839ರಲ್ಲಿ ಲಿನ್ ಝೆಷು ಎಂಬ ಅಧಿಕಾರಿ ಗುವಾಂಗ್‌ಝೌ ಹತ್ತಿರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಸುಣ್ಣ, ಉಪ್ಪು ಹಾಕಿ ನಾಶ ಮಾಡಿಸಿದ. ಅದಕ್ಕೆ ಬಂದ ಉತ್ತರ ಯುದ್ಧ, ಹಾಂಕಾಂಗ್ ಕೈಬಿಟ್ಟದ್ದು. ಅಫೀಮು ಬೆಳೆದದ್ದು ಎಲ್ಲಿ? ಬಿಹಾರ, ಬನಾರಸ್, ಮಾಳವದಲ್ಲಿ. ನಮ್ಮ ರೈತರ ಹೊಲದಲ್ಲಿ. 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿ ಸುಟ್ಟರು. ಸುಡಲು ಅಪ್ಪಣೆ ಕೊಟ್ಟ ಲಾರ್ಡ್ ಎಲ್ಗಿನ್ ಎರಡು ವರ್ಷದ ಮೇಲೆ ನಮಗೆ ವೈಸರಾಯ್ ಆಗಿ ಬಂದ. ಧರ್ಮಶಾಲೆಯಲ್ಲಿ ಸತ್ತ, ಸಮಾಧಿ ಅಲ್ಲೇ ಇದೆ. ಆ ದಂಡಯಾತ್ರೆಗೆ ಹೋದವರಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇವತ್ತೂ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಇದ್ದರು. ಸುಟ್ಟ ಅರಮನೆಯ ಕಂಬಗಳನ್ನು ಚೀನಾದವರು ಮತ್ತೆ ಕಟ್ಟದೆ ಹಾಗೇ ಬಿಟ್ಟಿದ್ದಾರೆ, ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. 1901ರಲ್ಲಿ ವಿದೇಶಿ ರಾಷ್ಟ್ರಗಳು ಸೇರಿ ಹಾಕಿದ ದಂಡ 45 ಕೋಟಿ ಟೇಲ್ ಬೆಳ್ಳಿ, ಆಗಿನ ಜನಸಂಖ್ಯೆಗೆ ತಲೆಗೊಂದರಂತೆ, 39 ವರ್ಷದ ಕಂತಿನಲ್ಲಿ. ಆಮೇಲಿನ ಜಪಾನಿನ ಆಕ್ರಮಣದ ಬಗ್ಗೆ ನಾನು ಹೇಳಲು ಹೋಗುವುದಿಲ್ಲ, ಅದು ಬೇರೆಯೇ ದೊಡ್ಡ ಕಥೆ.

ನಮ್ಮ ಪಾಠದಲ್ಲಿ ಇದ್ಯಾವುದೂ ಇರಲಿಲ್ಲ. ಬ್ರಿಟಿಷರು ನಮ್ಮನ್ನು ಆಳಿದರು ಅಂತ ಓದಿದೆವು. ನಮ್ಮ ಅಫೀಮು, ನಮ್ಮ ಸಿಪಾಯಿಗಳನ್ನು ಇಟ್ಟುಕೊಂಡೇ ಅವರು ಇನ್ನೊಂದು ದೇಶವನ್ನು ಬಡಿದರು ಅಂತ ಓದಲಿಲ್ಲ. ಗುವಾಂಗ್‌ಝೌ ಪಕ್ಕದ ಸಾನ್ಯುವಾನ್‌ಲಿ ಎಂಬ ಹಳ್ಳಿಯ ಜನ 1841ರಲ್ಲಿ ಬ್ರಿಟಿಷ್ ಪಡೆಯನ್ನು ಸುತ್ತುವರಿದದ್ದನ್ನು ಅವರ ಮಕ್ಕಳು ವೀರಗಾಥೆಯಾಗಿ ಓದುತ್ತಾರೆ. ಅಲ್ಲಿ ಮಳೆಯಲ್ಲಿ ಸಿಕ್ಕಿಬಿದ್ದವರಲ್ಲಿ 37ನೆಯ ಮದ್ರಾಸ್ ಪಡೆಯ ಸಿಪಾಯಿಗಳಿದ್ದರು.

ಈಗಿನ ಕಾಲಕ್ಕೆ ಬರೋಣ. ಅದಿರಿನ ಬೆಲೆಯ ಮಾತೇ ತೆಗೆದುಕೊಳ್ಳಿ. ಆಗೆಲ್ಲ ವರ್ಷಕ್ಕೊಮ್ಮೆ ಆಸ್ಟ್ರೇಲಿಯಾ, ಬ್ರೆಜಿಲ್ಲಿನ ದೊಡ್ಡ ಗಣಿ ಕಂಪನಿಗಳು ಉಕ್ಕಿನ ಕಾರ್ಖಾನೆಯವರ ಜೊತೆ ಕೂತು ಬೆಲೆ ಗೊತ್ತುಮಾಡುತ್ತಿದ್ದರು. 2005ರಲ್ಲಿ ಒಂದೇ ಸಲಕ್ಕೆ ಶೇಕಡಾ 71.5 ಏರಿಸಿದರು. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಅದಿರು ಕೊಳ್ಳುವವರು ಚೀನಾದವರು, ಆದರೆ ಬೆಲೆಯಲ್ಲಿ ಅವರ ಮಾತು ನಡೆಯಲಿಲ್ಲ. ನಮ್ಮ ಹೊಸಪೇಟೆಯಲ್ಲಿ ಆ ವರ್ಷ ಪಟಾಕಿ ಹೊಡೆದರು. ಚಿಂಗ್‌ದಾವೊದ ಲ್ಯಾಬಿನಲ್ಲಿ ಮಾತ್ರ ನನ್ನನ್ನು ಕಂಡರೆ ಮುಖ ಗಂಟು. ನಾನೇ ಏರಿಸಿದ ಹಾಗೆ! "ನಾವು ಕೊಳ್ಳುವುದೆಲ್ಲ ತುಟ್ಟಿ, ನಾವು ಮಾರುವುದೆಲ್ಲ ಸೋವಿ" ಅಂತ ತಮ್ಮ ಹೇಳಿದ. ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಅದು. ನನಗೆ ಶೇಂಗಾ ಮಾರಲು ಮಂಡಿಗೆ ಹೋದ ನಮ್ಮ ಅಪ್ಪ ನೆನಪಾದ. ಮಾಲು ನಮ್ಮದು, ತಕ್ಕಡಿ ಅವರದು.

ತಮ್ಮ 1999ರಲ್ಲಿ ಶಾಂಘೈಯಲ್ಲಿ ಓದುತ್ತಿದ್ದ. ಆ ವರ್ಷ ಮೇ ತಿಂಗಳಲ್ಲಿ ಯುಗೋಸ್ಲಾವಿಯಾ ಮೇಲೆ ನೇಟೋ ಬಾಂಬ್ ಹಾಕುವಾಗ, ಅಮೆರಿಕದ ವಿಮಾನದ ಬಾಂಬುಗಳು ಬೆಲ್‌ಗ್ರೇಡಿನಲ್ಲಿದ್ದ ಚೀನಾದ ರಾಯಭಾರ ಕಚೇರಿಗೆ ಬಿದ್ದು ಮೂವರು ಪತ್ರಕರ್ತರು ಸತ್ತರು. ಹಳೆಯ ನಕ್ಷೆಯಿಂದ ಆದ ತಪ್ಪು ಅಂತ ಅಮೆರಿಕ ಹೇಳಿತು, ಕ್ಷಮೆ ಕೇಳಿತು. ಚೀನಾದಲ್ಲಿ ಬಹಳ ಜನ ನಂಬಲಿಲ್ಲ. "ಚಂದ್ರನ ಮೇಲೆ ಇಳಿದವರಿಗೆ ನಮ್ಮ ಕಚೇರಿಯ ವಿಳಾಸ ಗೊತ್ತಿರಲಿಲ್ಲವಂತೆ" ಅಂತ ಈ ಹುಡುಗ ಹೇಳುವಾಗ ಆರು ವರ್ಷದ ಮೇಲೂ ಧ್ವನಿ ಏರಿತ್ತು. ಅವನೂ ಘೋಷಣೆ ಕೂಗುತ್ತ ಬೀದಿಯಲ್ಲಿ ನಡೆದಿದ್ದ. ಮನೆಯಲ್ಲಿ ಅಮೆರಿಕಕ್ಕೆ ಓದಲು ಹೋಗುವ ಅರ್ಜಿಯೂ ಇಟ್ಟುಕೊಂಡಿದ್ದ, ಅದನ್ನೂ ನಗುತ್ತ ಹೇಳಿದ.

ಚಿಂಗ್‌ದಾವೊ ದಡದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ನಮಗೆ ಕಾಣುವುದು ಸಮುದ್ರ. ಅವರಿಗೆ ಕಾಣುವುದು ಬೇಲಿ. ಎದುರಿಗೆ ದಕ್ಷಿಣ ಕೊರಿಯಾ, ಅಲ್ಲಿ ಅಮೆರಿಕದ ಸೈನ್ಯ. ಅದರಾಚೆ ಜಪಾನ್, ಓಕಿನಾವಾ, ಅಲ್ಲೂ ಇದೆ. ಕೆಳಗೆ ತೈವಾನ್, 1950ರಲ್ಲಿ ಕೊರಿಯಾ ಯುದ್ಧ ಶುರುವಾದ ಕೂಡಲೇ ಅಮೆರಿಕದ ನೌಕಾಪಡೆ ಆ ಜಲಸಂಧಿಗೆ ಬಂತು. ಇನ್ನೂ ಕೆಳಗೆ ಫಿಲಿಪೈನ್ಸ್. ಅವರ ಎಣ್ಣೆಯ ಬಹುಪಾಲು ಬರಬೇಕಾದದ್ದು ಮಲಾಕಾ ಜಲಸಂಧಿಯಿಂದ, ಅದನ್ನು ಮುಚ್ಚಿದರೆ ಏನು ಗತಿ ಎಂಬ ಚಿಂತೆ ಅವರಿಗೆ ಯಾವಾಗಲೂ. 2013ರಿಂದ ಮಧ್ಯ ಏಷ್ಯಾ, ಪಾಕಿಸ್ತಾನದ ಕಡೆಗೆಲ್ಲ ರಸ್ತೆ, ರೈಲು, ಬಂದರು ಅಂತ ಹೊರಟಿದ್ದಾರಲ್ಲ, ಅದರ ಹಿಂದೆ ವ್ಯಾಪಾರದ ಜೊತೆಗೆ ಈ ಭಯವೂ ಇದೆ. ಪೀಕಿಂಗ್ ವಿಶ್ವವಿದ್ಯಾಲಯದ ವಾಂಗ್ ಜಿಸಿ ಎಂಬ ವಿದ್ವಾಂಸರು 2012ರಲ್ಲಿ ಅಮೆರಿಕದ ಒಬ್ಬ ವಿದ್ವಾಂಸರ ಜೊತೆ ಸೇರಿ ಎರಡು ದೇಶಗಳ ಅಪನಂಬಿಕೆಯ ಮೇಲೆ ಬರೆದರು. ನಮ್ಮನ್ನು ಮೇಲೇಳದ ಹಾಗೆ ತಡೆಯುವುದೇ ಅಮೆರಿಕದ ಗುರಿ ಅಂತ ಚೀನಾದ ನಾಯಕರು ನಂಬಿದ್ದಾರೆ, ನಮ್ಮನ್ನು ಹೊರದಬ್ಬುವುದೇ ಚೀನಾದ ಗುರಿ ಅಂತ ಆ ಕಡೆಯವರು ನಂಬಿದ್ದಾರೆ ಎಂಬುದು ಅದರ ತಿರುಳು. ಆಮೇಲೆ 2018ರ ಸುಂಕ, 2022ರ ಅಕ್ಟೋಬರಿನಲ್ಲಿ ಕಂಪ್ಯೂಟರ್ ಚಿಪ್ ಮಾರಾಟಕ್ಕೆ ಅಮೆರಿಕ ಹಾಕಿದ ಕಟ್ಟು, ಎಲ್ಲವೂ ಆ ನಂಬಿಕೆಗೆ ಹಾಕಿದ ಗೊಬ್ಬರ.

ಇಲ್ಲಿಯವರೆಗೆ ಕೇಳಿದ ನೀವು, ಇವನೇನು ಚೀನಾದವರ ವಕೀಲನೋ ಅಂದುಕೊಳ್ಳಬಹುದು. ಅಲ್ಲ. ಅವರ ಕಥೆಯಲ್ಲಿ ಹೇಳಿದ್ದೆಲ್ಲ ನಡೆದದ್ದೇ. ಹೇಳದೆ ಬಿಟ್ಟದ್ದರಲ್ಲಿ ನನಗೆ ತಕರಾರು.

ಆ ಬೇಲಿಯನ್ನು ಅಮೆರಿಕದವರು ಒಬ್ಬರೇ ಹಾಕಿಲ್ಲ. ಜಪಾನ್, ಕೊರಿಯಾ, ಫಿಲಿಪೈನ್ಸ್‌ನವರಿಗೂ ಅದು ಬೇಕಾಗಿದೆ, ಅವರಿಗೆ ಚೀನಾದ ಭಯ. 1979ರಲ್ಲಿ ಪಾಠ ಕಲಿಸುತ್ತೇವೆ ಅಂತ ವಿಯೆಟ್ನಾಮಿನೊಳಗೆ ಸೈನ್ಯ ನುಗ್ಗಿಸಿದ್ದು ಯಾರು? 2010ರಲ್ಲಿ ಹನೋಯ್ ಸಭೆಯಲ್ಲಿ ನೆರೆಯವರು ದಕ್ಷಿಣ ಚೀನಾ ಸಮುದ್ರದ ಮಾತು ಎತ್ತಿದಾಗ, ಚೀನಾ ದೊಡ್ಡ ದೇಶ, ಉಳಿದವರು ಸಣ್ಣವರು, ಇದು ವಾಸ್ತವ ಎಂಬ ಅರ್ಥದಲ್ಲಿ ಮಾತಾಡಿದ್ದು ಚೀನಾದ ವಿದೇಶಾಂಗ ಮಂತ್ರಿ. ಪ್ಯಾರಿಸ್ಸಿನಲ್ಲಿ ಅವರಿಗೆ ಅನ್ನಿಸಿಕೊಂಡ ಮಾತೇ ಅಲ್ಲವೇ ಅದು? ಫಿಲಿಪೈನ್ಸ್ ಕೋರ್ಟಿಗೆ ಹೋಗಿ, 2016ರಲ್ಲಿ ಹೇಗ್ ನಗರದ ನ್ಯಾಯಮಂಡಳಿಯಲ್ಲಿ ಗೆದ್ದರೆ, ಆ ತೀರ್ಪು ಬರಿಯ ಕಾಗದ ಅಂತ ತಳ್ಳಿಹಾಕಿದರು. ಏಟು ತಿಂದವನಿಗೆ ಏಟಿನ ನೋವು ಗೊತ್ತಿರುತ್ತದೆ ಅಂತ ನಾವು ನಂಬಿದ್ದೇವೆ. ಊರಿನ ಪಂಚಾಯಿತಿಯಲ್ಲಿ ಕೂತವರಿಗೆ ಗೊತ್ತು, ಎಷ್ಟೋ ಸಲ ಅವನು ಕಲಿತಿರುವುದು ಹೊಡೆಯುವುದನ್ನೇ.

ಇನ್ನು ಚಿಕ್ಕಪ್ಪನ ಪ್ರಶ್ನೆ. ನನಗೆ ಕೇಳಲು ಧೈರ್ಯ ಬಂದದ್ದು ಮೂರನೆಯ ವಾರದಲ್ಲಿ. ಹಡಗು ಖಾಲಿಯಾಗಿತ್ತು, ನಮ್ಮ ಸ್ಯಾಂಪಲ್ ಸರಿಯಾಗಿ ಬಂದಿತ್ತು. ವಾಪಸ್ಸು ಬರುವ ದೋಣಿಯಲ್ಲಿ ಕೇಳಿದೆ. "1962ರಲ್ಲಿ ನೀವು ನಮ್ಮ ಮೇಲೆ ಯಾಕೆ ಯುದ್ಧ ಮಾಡಿದಿರಿ?"

ಅವನು ಕೇಳಿದ: "ಯಾವ ಯುದ್ಧ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಲ್ಲ. 1841ರ ಹಳ್ಳಿಯ ಹೆಸರು, 1919ರ ಮಂತ್ರಿಯ ಮನೆ, ದಂಡದ ಬೆಳ್ಳಿಯ ತೂಕ ಎಲ್ಲ ಗೊತ್ತಿದ್ದ ಹುಡುಗನಿಗೆ ನಮ್ಮ ಯುದ್ಧ ನಡೆದದ್ದೇ ಗೊತ್ತಿರಲಿಲ್ಲ. ಭಾರತ ಅಂದರೆ ಅವನಿಗೆ ಬುದ್ಧ, ಸಿನಿಮಾ, ಮತ್ತು ಡಾಕ್ಟರ್ ಕೋಟ್ನಿಸ್. ನಮ್ಮ ಪಕ್ಕದ ಸೊಲ್ಲಾಪುರದಿಂದ 1938ರಲ್ಲಿ ಹೋಗಿ ಗಾಯಾಳುಗಳಿಗೆ ಮದ್ದು ಮಾಡುತ್ತ 1942ರಲ್ಲಿ ಅಲ್ಲೇ ಸತ್ತ ಕೋಟ್ನಿಸ್. ನಾನು ಚಿಕ್ಕಪ್ಪನ ಕಾಲಿನ ಸಂಗತಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ.

ಎರಡು ದಿನ ಬಿಟ್ಟು ಬಂದು ಹೇಳಿದ. ಅವರ ಅಪ್ಪನನ್ನು ಫೋನಿನಲ್ಲಿ ಕೇಳಿದನಂತೆ. ಅಪ್ಪ ಹೇಳಿದ್ದು, ಅದು ‘ಆತ್ಮರಕ್ಷಣೆಯ ಪ್ರತಿದಾಳಿ’. ಅವರ ಸರ್ಕಾರ ಇಟ್ಟ ಹೆಸರೇ ಅದು. ಅವರ ವಾದ ಹೀಗೆ. ಮ್ಯಾಕ್‌ಮಹೋನ್ ರೇಖೆಯನ್ನು 1914ರ ಸಿಮ್ಲಾ ಸಭೆಯಲ್ಲಿ ಎಳೆದವರು ಬ್ರಿಟಿಷರು, ಚೀನಾದ ಸರ್ಕಾರ ಅದನ್ನು ಒಪ್ಪಲಿಲ್ಲ. ಬ್ರಿಟಿಷರು ಹೋದ ಮೇಲೆ ಅವರು ಎಳೆದ ಗೆರೆಯನ್ನು ನೀವು ಯಾಕೆ ಹಿಡಿದುಕೊಂಡಿರಿ, ಅದನ್ನು ದಾಟಿ ಠಾಣೆಗಳನ್ನು ಯಾಕೆ ಹಾಕಿದಿರಿ ಅಂತ. ಚಿಂಗ್‌ದಾವೊವನ್ನು ಕಿತ್ತುಕೊಂಡ ಪಟ್ಟಿಯಲ್ಲೇ ನಮ್ಮ ಗಡಿಯನ್ನೂ ಸೇರಿಸಿಬಿಟ್ಟಿದ್ದಾರೆ. ನಮ್ಮನ್ನು ಬ್ರಿಟಿಷರ ವಾರಸುದಾರರು ಅಂತ ನೋಡಿದ್ದಾರೆ.

ನಾನು ನನಗೆ ತಿಳಿದಷ್ಟು ಹೇಳಿದೆ. ಸಿಮ್ಲಾದಲ್ಲಿ ಟಿಬೆಟ್ಟಿನವರೂ ಕೂತಿದ್ದರು, ಆ ಗೆರೆಗೆ ಒಪ್ಪಿದ್ದರು. ಆಗ ಅವರ ಆಡಳಿತ ಅವರ ಕೈಯಲ್ಲೇ ಇತ್ತು. ಟಿಬೆಟ್ಟಿನವರನ್ನು ಕೇಳದೆ ಚೀನಾ ಹೇಳುವ ನ್ಯಾಯ, ಚೀನಾವನ್ನು ಕೇಳದೆ ಪ್ಯಾರಿಸ್ಸಿನಲ್ಲಿ ಹೇಳಿದ ನ್ಯಾಯದ ಹಾಗೇ ಇದೆ. ಗಡಿಯಲ್ಲಿ ತಕರಾರು ಇದ್ದರೆ ಕೂತು ಅಳೆಯಬೇಕು, ಚಳಿಗಾಲದ ಬೆಟ್ಟದಲ್ಲಿ ಹುಡುಗರನ್ನು ಕೊಲ್ಲಬಾರದು. ನನ್ನ ಇಂಗ್ಲಿಷಿನಲ್ಲಿ ಇದೆಲ್ಲ ಎಷ್ಟು ಸರಿಯಾಗಿ ಬಂತೋ. ಅವನು ವಾದಿಸಲಿಲ್ಲ, ಒಪ್ಪಲೂ ಇಲ್ಲ. "ನಮ್ಮ ಪುಸ್ತಕದಲ್ಲಿ ಇದು ಇರಬೇಕಿತ್ತು" ಅಂತ ಮಾತ್ರ ಹೇಳಿದ. ಇನ್ನೂ ಏನೇನು ಇಲ್ಲ ಅಂತ ನಾನು ಕೇಳಲಿಲ್ಲ. 1959ರಿಂದ ಮೂರು ವರ್ಷ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತದ್ದು, 1989ರಲ್ಲಿ ಅದೇ ತಿಯಾನನ್ಮೆನ್ ಮುಂದೆ ಸೇರಿದ ವಿದ್ಯಾರ್ಥಿಗಳಿಗೆ ಆದದ್ದು, ಇವುಗಳನ್ನು ಅಲ್ಲಿ ಎಲ್ಲರ ಮುಂದೆ ಕೇಳುವ ಹಾಗಿರಲಿಲ್ಲ. ಮೇ ನಾಲ್ಕರ ಹುಡುಗರಿಗೆ ಮೂವತ್ತು ಮೀಟರ್ ಎತ್ತರದ ಶಿಲ್ಪ ಇದೆ.

ನಾನು ಇನ್ನೂ ನಾಲ್ಕೈದು ಸಲ ಹೋಗಿ ಬಂದೆ. 2010ರಲ್ಲಿ ನಮ್ಮ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಲ್ಲಿಗೆ ನನ್ನ ಕೆಲಸವೂ ಮುಗಿಯಿತು. ತಮ್ಮ ಈಗಲೂ ಹೊಸ ವರ್ಷಕ್ಕೆ ಶುಭಾಶಯ ಕಳಿಸುತ್ತಾನೆ. ಗಲ್ವಾನಿನಲ್ಲಿ ನಮ್ಮ ಇಪ್ಪತ್ತು ಸೈನಿಕರು ಸತ್ತ 2020ರಲ್ಲೂ ಕಳಿಸಿದ್ದ. ಆ ವರ್ಷ ಜೂನಿನಲ್ಲಿ ಏನೂ ಬರೆದಿರಲಿಲ್ಲ, ನಾನೂ ಬರೆಯಲಿಲ್ಲ.

ಮೊದಲ ಸಲ ವಾಪಸ್ಸು ಬಂದಾಗ ಚಿಕ್ಕಪ್ಪ ಕಟ್ಟೆಯ ಮೇಲೆ ಕೂತಿದ್ದ. ಇವತ್ತು ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಅಫೀಮು, ಅರಮನೆ, ಪ್ಯಾರಿಸ್, ಸಿಮ್ಲಾ. ಬೀಡಿ ಎರಡು ಮುಗಿದವು. ಕೊನೆಗೆ ಕೇಳಿದ:

"ಆ ಹುಡುಗನಿಗೆ ಎಷ್ಟು ವಯಸ್ಸು?"

"ಇಪ್ಪತ್ತೇಳು."

"ನನಗೆ ಆವಾಗ ಇಪ್ಪತ್ನಾಕು. 
ನನ್ನ ಬೆರಳಿನ ಸುದ್ದಿ ಅವನಿಗೆ ಹೇಳಿದಿ?"

"ಹೇಳಿದೆ."

"ಏನಂದ?"

"ಮೊದಲು ಸುಮ್ಮನಿದ್ದ. ಆಮೇಲೆ, ಅಂಥ ಚಳಿಗೆ ನಿಮ್ಮ ಸರ್ಕಾರ ಎಂಥ ಬೂಟು ಕೊಟ್ಟಿತ್ತು ಅಂತ ಕೇಳಿದ."

ಚಿಕ್ಕಪ್ಪ ನಕ್ಕುಬಿಟ್ಟ. ಆ ಯುದ್ಧದ ವಿಷಯಕ್ಕೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕ್ಯಾನ್ವಾಸ್ ಬೂಟು ಅಂತ ಹೇಳಬೇಕಿತ್ತಲ್ಲೋ" ಅಂದ. ಆಮೇಲೆ ಎದ್ದು ದನಕ್ಕೆ ನೀರು ಕುಡಿಸಲು ಹೋದ.